ಬಾಗಿಲ ಹಿಂದಿನ ಮಷಿನ್ನು

ಲಲಿತಾ (ಹೆಸರು, ಗುರುತು ಬದಲಿಸಿದೆ) ಹಾಸನದವರು. ವಯಸ್ಸು ನಲವತ್ತು ದಾಟಿದೆ, ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದಿದ್ದು ಸಿಟ್ಟಿನ ಕಾರಣಕ್ಕೆ. "ಮಗಳ ಮೇಲೆ ಸುಮ್ಸುಮ್ನೆ ರೇಗ್ತೀನಿ ಮೇಡಂ. ರಾತ್ರಿ ನಿದ್ದೇನೂ ಇಲ್ಲ." ನಿದ್ದೆ ಯಾಕಿಲ್ಲ ಎಂದು ಕೇಳುತ್ತಾ ಹೋದಾಗ ಕತ್ತು ನೋವಿನ ವಿಷಯ ಬಂತು. ನಡುರಾತ್ರಿ ಬಲಗೈ ಬೆರಳು ಜೋಮು ಹಿಡಿದು ಎಚ್ಚರವಾಗುತ್ತದಂತೆ.

ಹೊಲಿಯುವ ಜಾಗದ ಚಿತ್ರ ಬರೆಯಲು ಹೇಳಿದೆ. ಮಷಿನ್ನು ಮಲಗುವ ಕೋಣೆಯ ಬಾಗಿಲ ಹಿಂದಿತ್ತು. ಬಲ್ಬು ಬೆನ್ನ ಹಿಂದೆ, ಸೂಜಿಯ ಮೇಲೆ ಅವರದೇ ನೆರಳು. ಕಾಲು ಮಷಿನ್ನಿಗೆ ಆಮೇಲೆ ಮೋಟರ್ ಹಾಕಿಸಿದ್ದರು. ತುಳಿಯುವ ಹಳೇ ಪಟ್ಟಿ ಅಡ್ಡ ಇರುವುದರಿಂದ ಮೋಟರಿನ ಪೆಡಲ್ಲು ಬಲಕ್ಕೆ ಸರಿದು, ಸೊಂಟ ತಿರುಚಿಕೊಂಡೇ ಕೂರಬೇಕಿತ್ತು. ಕಟಿಂಗು ಎಲ್ಲರೂ ಮಲಗಿದ ಮೇಲೆ, ನೆಲದ ಮೇಲೆ.

ಹಾಲ್‌ನಲ್ಲಿ ಯಾಕಿಡಲಿಲ್ಲ? "ನೆಂಟ್ರು ಬಂದ್ರೆ ಚೆನ್ನಾಗಿರಲ್ಲ ಅಂತಾರೆ ಅತ್ತೆ." ಅದರಲ್ಲೂ ವರ್ಷಕ್ಕೊಮ್ಮೆ ಹಾಸನಾಂಬೆ ಬಾಗಿಲು ತೆರೆದಾಗ ಮನೆ ತುಂಬ ನೆಂಟರು. ದೀಪಾವಳಿ ಆರ್ಡರುಗಳೂ ಆಗಲೇ. ಕೆಲಸ ಜಾಸ್ತಿ ಇರುವ ಹೊತ್ತಿಗೇ ಮಷಿನ್ನು ಮೂಲೆ ಸೇರುತ್ತಿತ್ತು. ಸಿಟ್ಟು ಬರದೇ ಇರುತ್ತದೆಯೇ?

ಜೋಮು ಇದ್ದಿದ್ದರಿಂದ ಮೊದಲು ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಅದು ಮಾತಿನಿಂದ ಹೋಗುವಂಥದ್ದಲ್ಲ. ಕಣ್ಣೂ ತೋರಿಸಿ ಅಂದೆ. ಚಾಳೀಸು ಬಂದಿತ್ತು.

ಮುಂದಿನ ಸಲ ಅತ್ತೆ, ಯಜಮಾನರು ಇಬ್ಬರನ್ನೂ ಕರೆಸಿದೆ. ಜಗಳ ಬೇಡ, ಲೆಕ್ಕ ತನ್ನಿ ಅಂತ ಲಲಿತಾ ಅವರಿಗೆ ಮೊದಲೇ ಹೇಳಿದ್ದೆ. ಹೊಲಿಗೆ ದುಡ್ಡಿನಲ್ಲಿ ಏನೇನು ಕಟ್ಟಿದ್ದಾರೆ ಎಂದು ಬರೆದು ತಂದಿದ್ದರು. ಮಗಳ ಕಾಲೇಜು ಫೀಸು ನೋಡಿ ಯಜಮಾನರು ಸುಮ್ಮನಾದರು. ಅತ್ತೆ ಸುಲಭಕ್ಕೆ ಬಗ್ಗಲಿಲ್ಲ. ಕೊನೆಗೆ, "ಕಿಟಕಿ ಹತ್ರ ಇಟ್ಕೊಳ್ಲಿ, ಶುಕ್ರವಾರ ಪೂಜೆ ಹೊತ್ನಲ್ಲಿ ಬಟ್ಟೆ ಮುಚ್ಲಿ" ಅಂದರು. ನ್ಯಾಯವಾದ ಒಪ್ಪಂದವೇ.

ಜಾಗ ಸಿಕ್ಕ ಮೇಲೆ ಉಳಿದ ಸಲಹೆ ಕೊಟ್ಟೆ. ಬೆಳಕು ಎಡಗಡೆಯಿಂದ ಬರಲಿ, ಸಂಜೆಗೆ ಸೂಜಿ ಹತ್ತಿರ ಪುಟ್ಟ ಎಲ್ಇಡಿ ದೀಪ ಇರಲಿ. ಕುರ್ಚಿಗೆ ಗಟ್ಟಿ ಬೆನ್ನು ಬೇಕು, ಚಕ್ರ ಬೇಡ. ಪಾದ ಪೂರ್ತಿ ಊರಬೇಕು, ಮೊಣಕೈ ಮಷಿನ್ನಿನ ಹಲಗೆಯ ಮಟ್ಟಕ್ಕೆ ಬರಬೇಕು. ಸೂಜಿ ಮೂಗಿನ ನೇರಕ್ಕಿರಲಿ. ಮೆಕ್ಯಾನಿಕ್ ಕರೆಸಿ ಹಳೇ ಪಟ್ಟಿ ತೆಗೆಸಿ, ಪೆಡಲ್ಲನ್ನು ಮುಂದಕ್ಕೆ ತನ್ನಿ ಅಂದೆ.

ಹುಕ್ಸು, ಹೆಮ್ಮಿಂಗು ಮಾಡುವಾಗ ತೊಡೆ ಮೇಲೆ ದಿಂಬಿಟ್ಟರೆ ಬಟ್ಟೆ ಕಣ್ಣಿನ ಹತ್ತಿರ ಬರುತ್ತದೆ, ಕತ್ತು ಬಗ್ಗಿಸುವುದು ತಪ್ಪುತ್ತದೆ. ಇಸ್ತ್ರಿ ಪೆಟ್ಟಿಗೆ ಕೈಗೆಟುಕುವ ಹಾಗೆ ಇಡಬೇಡಿ, ಏಳುವುದಕ್ಕೆ ಅದೊಂದು ನೆಪ. ಇಸ್ತ್ರಿ ಕೆಲಸ ಇಲ್ಲದಿದ್ದರೂ ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸಿ.

ಕಟಿಂಗು ನಿಂತು ಮಾಡಬೇಕು, ಹಲಗೆ ಸೊಂಟದೆತ್ತರ, ಅಂದಾಜು 34ರಿಂದ 36 ಇಂಚು. ಅಡುಗೆ ಕಟ್ಟೆ ಸರಿಹೋಗುತ್ತಾ ಅಂತ ಕೇಳಿದರು. ಎತ್ತರವೇನೋ ಹತ್ತಿರಹತ್ತಿರ ಸರಿಯೇ, ಗಿರಾಕಿಯ ರೇಷ್ಮೆಗೆ ಅರಿಶಿನ ಅಂಟಿದರೆ? ಗೋಡೆಗೆ ಮಡಚುವ ಪ್ಲೈವುಡ್ ಹಲಗೆ ಹಾಕಿಸಿ ಅಂದೆ.

ಈಗ ಜೋಮು ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ. ಮಗಳ ಜೊತೆಗಿನ ಜಟಾಪಟಿಗೆ ಬೇರೆ ಕಾರಣಗಳೂ ಇವೆ, ಅದರ ಬಗ್ಗೆ ಮಾತು ನಡೆದಿದೆ. ಗೋಡೆ ಹಲಗೆ ಇನ್ನೂ ಆಗಿಲ್ಲ, ಬಡಗಿ ಬರುತ್ತೇನೆ ಅಂತಲೇ ಇದ್ದಾನಂತೆ.