ಎದೆನೋವೇ ಇಲ್ಲದೆ ಹೃದಯಾಘಾತ ಆಗುತ್ತದಾ?

ಪ್ರಶ್ನೆ: ಅಪ್ಪನಿಗೆ 63 ವರ್ಷ. ಶುಗರ್ ಬಂದು 15 ವರ್ಷವಾಯ್ತು. ಅಡಿಕೆ ಕೊನೆ ಕೊಯ್ಲಿನ ದಿನ ತೋಟದಿಂದ ದರೆ ಹತ್ತಿ ಬಂದವರು ಜಗಲಿಯಲ್ಲೇ ಕೂತುಬಿಟ್ಟರು. ಏದುಸಿರು, ಅಂಗಿ ಒದ್ದೆಯಾಗುವಷ್ಟು ಬೆವರು. ಪಿತ್ತ ಇರಬೇಕು ಅಂತ ಮುರುಗಲ ಪಾನಕ ಕುಡಿದು ಮಲಗಿದರು. ವಾರದ ಮೇಲೆ ಇಸಿಜಿ ಮಾಡಿಸಿದಾಗ ಹೃದಯಾಘಾತ ಆಗಿಹೋಗಿದೆ ಅಂದರು. ಎದೆನೋವು ಬರಲೇ ಇಲ್ಲವಲ್ಲ, ಹೇಗೆ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಅಪ್ಪ ತಪ್ಪು ಮಾಡಿದರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನೋವೇ ಇಲ್ಲದಿದ್ದರೆ ಯಾರಿಗೆ ತಾನೇ ಗೊತ್ತಾಗುತ್ತದೆ?

ರಕ್ತ ಕಡಿಮೆಯಾದಾಗ ಹೃದಯದ ಸಂಕಟವನ್ನು ಮಿದುಳಿಗೆ ಮುಟ್ಟಿಸುವುದು ನರಗಳು. ಸಕ್ಕರೆ ಕಾಯಿಲೆ ಹಳೆಯದಾದಷ್ಟೂ ಈ ನರಗಳು ಸವೆಯುತ್ತವೆ. ಪಾದ ಜೋಮು ಹಿಡಿಯುತ್ತದಲ್ವಾ, ಹಾಗೇ ಹೃದಯದ ನರಗಳೂ ಮಂಕಾಗುತ್ತವೆ. ಸುಮ್ಮನೆ ಕೂತಿದ್ದಾಗಲೂ ನಾಡಿ ನಿಮಿಷಕ್ಕೆ 100 ದಾಟುವುದು, ಎದ್ದು ನಿಂತಾಗ ತಲೆ ತಿರುಗುವುದು ಇದರ ಸುಳಿವು ಆಗಿರಬಹುದು.

ಆದರೆ ನನಗೆ ಜಾಸ್ತಿ ಚಿಂತೆಯಾಗುವುದು ಇನ್ನೊಂದು ವಿಷಯಕ್ಕೆ. ನೋವು ಗೊತ್ತಾಗದಿರುವುದಷ್ಟೇ ಅಲ್ಲ, ಈ ಹೃದಯಕ್ಕೆ ರಕ್ತದ ಕೊರತೆ ತಾಳುವ ಶಕ್ತಿಯೂ ಕಡಿಮೆ. ಆರೋಗ್ಯವಂತ ಹೃದಯ ಹೆಚ್ಚಾಗಿ ಕೊಬ್ಬು ಉರಿಸಿ ದುಡಿಯುತ್ತದೆ. ಆಮ್ಲಜನಕ ಸಾಲದಾದಾಗ ಗ್ಲೂಕೋಸ್ ಕಡೆ ಹೊರಳುತ್ತದೆ, ಏಕೆಂದರೆ ಅದಕ್ಕೆ ಆಮ್ಲಜನಕ ಕಡಿಮೆ ಸಾಕು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಮೈಯಲ್ಲಿ ಹೀಗೆ ಹೊರಳುವುದೇ ಕಷ್ಟ. ರಕ್ತದಲ್ಲಿ ಬೇಕಾದಷ್ಟು ಸಕ್ಕರೆ ಇರುತ್ತದೆ, ಹೃದಯಕ್ಕೆ ಮಾತ್ರ ದಕ್ಕುವುದಿಲ್ಲ. ಸಣ್ಣ ರಕ್ತನಾಳಗಳೂ ಸರಿಯಾಗಿ ಹಿಗ್ಗುವುದಿಲ್ಲ.

ರಕ್ತದ ಸಣ್ಣ ಸಣ್ಣ ಕೊರತೆಗಳಿಂದ ಹೃದಯ ಪಳಗುತ್ತದೆ ಕೂಡ. 1986ರಲ್ಲಿ ಅಮೆರಿಕದ ಸಂಶೋಧಕರು ನಾಯಿಗಳ ಹೃದಯದ ರಕ್ತನಾಳವನ್ನು ಐದೈದು ನಿಮಿಷ ನಾಲ್ಕು ಸಲ ಕಟ್ಟಿ, ಪ್ರತಿ ಸಲವೂ ಬಿಚ್ಚಿದರು. ಆಮೇಲೆ 40 ನಿಮಿಷ ಕಟ್ಟಿದಾಗ, ಹೀಗೆ ಪಳಗಿದ ಹೃದಯಗಳಲ್ಲಿ ಹಾನಿ ಕಾಲು ಭಾಗಕ್ಕೆ ಇಳಿದಿತ್ತು. ಸಕ್ಕರೆ ಕಾಯಿಲೆಯಲ್ಲಿ ಈ ರಕ್ಷಣೆ ತಗ್ಗುತ್ತದೆ ಎಂದು ನಂತರದ ಹಲವು ಪ್ರಯೋಗಗಳಲ್ಲಿ ಕಂಡಿದೆ.

ಈಗ ಏನು ಮಾಡಬೇಕು? ಎಕೋ ಮಾಡಿಸಿ, ಹೃದಯ ಎಷ್ಟು ಬಲವಾಗಿ ಪಂಪ್ ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಶುಗರ್ ಜೊತೆಗೆ ಬಿಪಿ, ಕೊಲೆಸ್ಟ್ರಾಲ್ ಕೂಡ ಹತೋಟಿಯಲ್ಲಿರಲಿ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಮತ್ತೆ ಹೀಗೆ ಬೆವರಿದರೆ ಮೊದಲು ಗ್ಲೂಕೋಮೀಟರಿನಲ್ಲಿ ನೋಡಿ, ಶುಗರ್ ಇಳಿದಾಗಲೂ ಬೆವರುತ್ತದೆ. ಇಳಿದಿದ್ದರೆ ಸಕ್ಕರೆ ನೀರು ಕೊಡಿ. ಇಳಿದಿಲ್ಲದಿದ್ದರೆ, ಅಥವಾ ಏದುಸಿರು, ವಾಕರಿಕೆ, ವಿಪರೀತ ಸುಸ್ತು ಜೊತೆಗಿದ್ದರೆ ಗ್ಯಾಸ್ಟ್ರಿಕ್ ಅಂತ ಕಾಯಬೇಡಿ. ನಡೆಸಬೇಡಿ, 108ಕ್ಕೆ ಕರೆ ಮಾಡಿ. ದೊಡ್ಡ ಆಸ್ಪತ್ರೆ ಅಂತ ನೇರ ಹುಬ್ಬಳ್ಳಿಗೋ, ಘಟ್ಟ ಇಳಿದು ಮಣಿಪಾಲಕ್ಕೋ ಹೊರಟುಬಿಡಬೇಡಿ. ದಾರಿಯಲ್ಲೇ ಹೊತ್ತು ಕಳೆದುಹೋಗುತ್ತದೆ. ಮೊದಲು ಶಿರಸಿಯಲ್ಲೇ ಇಸಿಜಿ ಆಗಲಿ. ಕೆಲವು ಬಗೆಯ ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟೇ ಮುಂದಕ್ಕೆ ಕಳಿಸಬಹುದು.