ರೈಲ್ವೆ ಗೇಟ್ ದಾಟುವಾಗ: ಚಾಲಕರ ಪ್ರಶ್ನೆಗಳಿಗೆ ಸಿಗ್ನಲ್ ಎಂಜಿನಿಯರ್ ಉತ್ತರ

ರೈಲ್ವೆ ಗೇಟ್ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್ ಒಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ದಿನಾ ಒಂದು ರೈಲ್ವೆ ಗೇಟ್ ದಾಟಿ ಕೆಲಸಕ್ಕೆ ಹೋಗುತ್ತೇನೆ. ಗೇಟ್ ಹಾಕಿ ಎಷ್ಟೋ ಹೊತ್ತಾದರೂ ರೈಲಿನ ಸುಳಿವೇ ಇರುವುದಿಲ್ಲ. ರೈಲು ಹತ್ತಿರ ಬಂದಾಗ ಹಾಕಿದರೆ ಸಾಕಲ್ವಾ? ಗೇಟ್‌ಮನ್ ಬೇಕಂತಲೇ ಬೇಗ ಹಾಕುತ್ತಾರೆ ಎಂದು ಎಲ್ಲರೂ ಬೈಯುತ್ತಾರೆ.

ಉತ್ತರ: ದಯವಿಟ್ಟು ಗೇಟ್‌ಮನ್‌ಗೆ ಬೈಯಬೇಡಿ. ಯಾವಾಗ ಹಾಕಬೇಕು ಅನ್ನುವುದು ಅವರ ಇಷ್ಟಕ್ಕೆ ಬಿಟ್ಟಿದ್ದಲ್ಲ. ಓಡಾಟ ಜಾಸ್ತಿ ಇರುವ ಗೇಟ್‌ಗಳು ಸಾಮಾನ್ಯವಾಗಿ ಇಂಟರ್‌ಲಾಕ್ ಆಗಿರುತ್ತವೆ. ಅಲ್ಲಿ ಗೇಟ್ ಪೂರ್ತಿ ಇಳಿದು ಬೀಗ ಬೀಳುವ ತನಕ ರೈಲಿಗೆ ಹಸಿರು ಸಿಗ್ನಲ್ ಕೊಡಲು ಆಗುವುದೇ ಇಲ್ಲ. ಹಸಿರು ಕೊಟ್ಟ ಮೇಲೆ, ರೈಲು ದಾಟುವ ತನಕ ಗೇಟ್ ಎತ್ತಲು ಬರುವುದಿಲ್ಲ.

ಈಗ ರೈಲು ಓಡಿಸುವವರ ಕಡೆಯಿಂದ ನೋಡಿ. ಗಂಟೆಗೆ 110 ಕಿ.ಮೀ. ವೇಗದಲ್ಲಿ ಬರುವ ರೈಲು ಒಂದು ಸೆಕೆಂಡಿಗೆ 30 ಮೀಟರ್ ಓಡುತ್ತದೆ. ಜೋರಾಗಿ ಬ್ರೇಕ್ ಹಾಕಿದರೂ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು. ಗೇಟ್ ಕಣ್ಣಿಗೆ ಬಿದ್ದ ಮೇಲೆ ಬ್ರೇಕ್ ಹಾಕಿದರೆ ಪ್ರಯೋಜನ ಇಲ್ಲ. ಹಾಗಾಗಿ ಬಹಳ ದೂರದಲ್ಲೇ ಸಿಗ್ನಲ್ ನೋಡಿ ಲೋಕೋ ಪೈಲಟ್‌ಗೆ ಮುಂದೆ ದಾರಿ ಸರಿ ಇದೆ ಎಂದು ಗೊತ್ತಾಗಬೇಕು. ರೈಲು ಆ ಸಿಗ್ನಲ್ ಹತ್ತಿರ ಬರುವ ಮೊದಲೇ ನಿಮ್ಮ ಗೇಟ್ ಬಿದ್ದಿರಬೇಕು. ನೀವು ಕಾಯುವ ಆ ನಿಮಿಷಗಳು ಹುಟ್ಟುವುದು ಇಲ್ಲಿ.

ಇನ್ನೊಂದು ಮಾತು ಹೇಳಲೇಬೇಕು. ಬೂಮ್, ಅಂದರೆ ಗೇಟ್‌ನ ಅಡ್ಡಕಂಬ, ಇಳಿಯುವಾಗ ಒಂದು ಬೈಕ್ ನುಗ್ಗುತ್ತದೆ, ಅದರ ಹಿಂದೆ ಆಟೊ, ಅದರ ಹಿಂದೆ ಇನ್ನೆರಡು ಬೈಕ್. ಗೇಟ್‌ಮನ್ ಬೂಮ್ ತಡೆದು ನಿಲ್ಲಿಸಲೇಬೇಕಾಗುತ್ತದೆ. ಬೀಗ ಬೀಳುವುದಿಲ್ಲ, ಸಿಗ್ನಲ್ ಕೆಂಪಾಗಿಯೇ ಇರುತ್ತದೆ, ರೈಲು ಅಲ್ಲೆಲ್ಲೋ ನಿಂತುಬಿಡುತ್ತದೆ. ನಿಂತ ರೈಲು ಮತ್ತೆ ಹೊರಟು ವೇಗ ಹಿಡಿದು ಗೇಟ್ ದಾಟುವ ತನಕ ಹಿಂದೆ ನಿಂತ ನೂರಾರು ಜನ ಕಾಯಬೇಕು.

ಎಲ್ಲ ಗೇಟ್‌ಗಳೂ ಇಂಟರ್‌ಲಾಕ್ ಆಗಿಲ್ಲ. ಕೆಲವು ಕಡೆ ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ಹೇಳುತ್ತಾರೆ, ಗೇಟ್‌ಮನ್ ಗೇಟ್ ಹಾಕಿ ಒಂದು ಗುಟ್ಟಿನ ನಂಬರ್ ಹೇಳಿ ಖಚಿತಪಡಿಸುತ್ತಾರೆ. ಅಲ್ಲಿ ಎಲ್ಲವೂ ಮನುಷ್ಯರ ಮಾತಿನ ಮೇಲೆ ನಿಂತಿದೆ. ತಮಿಳುನಾಡಿನ ಕಡಲೂರು ಬಳಿ 2025ರ ಜುಲೈ 8ರಂದು ಶಾಲಾ ವ್ಯಾನ್‌ಗೆ ರೈಲು ಬಡಿದು ಮೂವರು ಮಕ್ಕಳು ತೀರಿಕೊಂಡರು. ಅದು ಇಂಟರ್‌ಲಾಕ್ ಇಲ್ಲದ ಗೇಟ್. ಅದಾದ ಮೇಲೆ ಎಲ್ಲ ಗೇಟ್‌ಗಳಿಗೂ ಸಿಸಿಟಿವಿ ಹಾಕಬೇಕು, ಇನ್ನಷ್ಟು ಗೇಟ್‌ಗಳನ್ನು ಇಂಟರ್‌ಲಾಕ್ ಮಾಡಬೇಕು ಎಂದು ರೈಲ್ವೆ ಆದೇಶಿಸಿತು. ನಿಮ್ಮ ಗೇಟ್ ಯಾವ ತರಹದ್ದು ಎಂದು ರಸ್ತೆಯಲ್ಲಿ ನಿಂತು ಹೇಳುವುದು ಕಷ್ಟ. ಆದ್ದರಿಂದ ಗೇಟ್ ತೆರೆದೇ ಇದ್ದರೂ ವೇಗ ಇಳಿಸಿ, ಗಾಜು ಇಳಿಸಿ, ಹಾಡು ನಿಲ್ಲಿಸಿ, ಎರಡೂ ಕಡೆ ನೋಡಿಯೇ ಹಳಿ ಮೇಲೆ ಹೋಗಿ. ಐದು ಸೆಕೆಂಡಿನ ಕೆಲಸ.

ಪ್ರಶ್ನೆ: ಮಂಡ್ಯ ಕಡೆಯವನು. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಕಟ್ಟಿಕೊಂಡು ಫ್ಯಾಕ್ಟರಿಗೆ ಹೋಗುತ್ತೇನೆ. ಗೇಟ್ ಹತ್ತಿರ ರಸ್ತೆ ಏರು. ಹಳಿ ಮೇಲೆ ಎಂಜಿನ್ ಆಫ್ ಆದರೆ ಏನು ಮಾಡುವುದು ಅಂತ ಪ್ರತಿ ಸಲ ಹೆದರಿಕೆ.

ಉತ್ತರ: ನಿಮ್ಮ ಹೆದರಿಕೆಗೆ ಕಾರಣ ಇದೆ. ಲೆಕ್ಕ ಹಾಕೋಣ. ಟ್ರ್ಯಾಕ್ಟರ್ ಮತ್ತು ಎರಡು ಟ್ರೇಲರ್ ಸೇರಿ ಸುಮಾರು 15 ಮೀಟರ್ ಉದ್ದ ಎಂದುಕೊಳ್ಳಿ. ಜೋಡಿ ಹಳಿ ಇರುವ ಕಡೆ ಅಪಾಯದ ಜಾಗ ಇನ್ನೊಂದು 15 ಮೀಟರ್. ಟ್ರ್ಯಾಕ್ಟರ್‌ನ ಮೂತಿ ಒಳಗೆ ಹೋದಾಗಿನಿಂದ ಹಿಂದಿನ ಟ್ರೇಲರ್‌ನ ಬಾಲ ಹೊರಬರುವ ತನಕ ನೀವು 30 ಮೀಟರ್ ಸಾಗಬೇಕು. ಏರಿನಲ್ಲಿ ಗಂಟೆಗೆ 5 ಕಿ.ಮೀ. ವೇಗವಾದರೆ ಇದಕ್ಕೆ 20 ಸೆಕೆಂಡಿಗೂ ಜಾಸ್ತಿ ಬೇಕು. ಅಷ್ಟರಲ್ಲಿ ವೇಗದ ರೈಲು 600 ಮೀಟರ್‌ಗಿಂತ ಹೆಚ್ಚು ಹತ್ತಿರ ಬಂದಿರುತ್ತದೆ.

ಮುಖ್ಯವಾದದ್ದು ಇದು. ಆಚೆ ಕಡೆ ನಿಮ್ಮ ಇಡೀ ಗಾಡಿ ನಿಲ್ಲುವಷ್ಟು ಜಾಗ ಖಾಲಿ ಇದ್ದರೆ ಮಾತ್ರ ಹಳಿ ಮೇಲೆ ಹೋಗಿ. ಮುಂದಿನ ಲಾರಿ ಹೊರಟಿದೆ, ನಾನೂ ಅದರ ಹಿಂದೆಯೇ ಹೋಗಿಬಿಡುತ್ತೇನೆ ಎನ್ನುವುದು ಬೇಡ. ಆ ಲಾರಿ ಇಪ್ಪತ್ತು ಅಡಿ ಮುಂದೆ ಹೋಗಿ ನಿಂತರೆ ನಿಮ್ಮ ಹಿಂದಿನ ಟ್ರೇಲರ್ ಹಳಿ ಮೇಲೇ ಉಳಿಯುತ್ತದೆ. ಹಿಂದೆ ನಿಂತವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ಗೇಟ್‌ಗೆ ಮೊದಲೇ ನಿಂತು ಕೆಳ ಗೇರ್ ಹಾಕಿಕೊಳ್ಳಿ. ಹಳಿ ಮೇಲೆ ಗೇರ್ ಬದಲಿಸಬೇಡಿ, ಬಹಳಷ್ಟು ಸಲ ಎಂಜಿನ್ ಆಫ್ ಆಗುವುದು ಅಲ್ಲೇ. ಟ್ರೇಲರ್‌ನ ಕೊಂಡಿ, ಪಿನ್ ಭದ್ರವಾಗಿದೆಯೇ ಎಂದು ಲೋಡ್ ಹಾಕಿದ ಜಾಗದಲ್ಲೇ ನೋಡಿಕೊಂಡು ಹೊರಡಿ.

ಆದರೂ ಗಾಡಿ ನಿಂತುಬಿಟ್ಟಿತು ಎಂದುಕೊಳ್ಳಿ. ಮೊದಲು ಗಾಡಿಯಲ್ಲಿರುವ ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಕಬ್ಬಿನ ಮೇಲೆ ಕೂತ ಕೂಲಿಯವರು, ಮಕ್ಕಳು, ಯಾರೇ ಇರಲಿ. ಎರಡನೆಯದು, ಗೇಟ್‌ಮನ್‌ಗೆ ಕೂಡಲೇ ಹೇಳಿ. ಗಾಡಿ ಸ್ಟಾರ್ಟ್ ಮಾಡಲು ಹೆಣಗಾಡಿ ಎರಡು ನಿಮಿಷ ಕಳೆದ ಮೇಲೆ ಹೇಳುವುದಲ್ಲ, ತಕ್ಷಣ. ಗೇಟ್ ಇನ್ನೂ ತೆರೆದೇ ಇದ್ದರೆ, ಇಂಟರ್‌ಲಾಕ್ ಆದ ಕಡೆ ಸಿಗ್ನಲ್ ಕೆಂಪಾಗಿಯೇ ಇರುತ್ತದೆ. ಗೇಟ್‌ಮನ್ ಸ್ಟೇಷನ್‌ಗೆ ಫೋನ್ ಮಾಡಿ ರೈಲು ತಡೆಸುತ್ತಾರೆ. ಅವರ ಹತ್ತಿರ ಕೆಂಪು ಬಾವುಟ, ಕೈದೀಪ ಇರುತ್ತದೆ. ಹಳಿ ಮೇಲೆ ಇಡುವ ಪಟಾಕಿಗಳೂ ಇರುತ್ತವೆ. ಅಡ್ಡಿ ಇರುವ ಜಾಗದಿಂದ 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಬಿಟ್ಟು ಮೂರು ಪಟಾಕಿ ಇಡಬೇಕು ಎಂಬುದು ಬ್ರಾಡ್‌ಗೇಜ್ (ಅಗಲ ಹಳಿ) ಮಾರ್ಗದ ನಿಯಮ. ಚಕ್ರ ಹತ್ತಿ ಅದು ಸಿಡಿದ ಸದ್ದಿಗೆ ಲೋಕೋ ಪೈಲಟ್ ಬ್ರೇಕ್ ಹಾಕುತ್ತಾರೆ. ಇಷ್ಟು ದೂರ ಓಡಲು ಗೇಟ್‌ಮನ್‌ಗೆ ಎಷ್ಟು ಹೊತ್ತು ಬೇಕು ಯೋಚಿಸಿ. ನೀವು ತಡಮಾಡದೆ ಹೇಳಬೇಕು ಅನ್ನುವುದು ಅದಕ್ಕೇ.

ನಿಮಗೂ ಒಂದು ಕೆಲಸ ಇದೆ. ರೈಲು ಬರುವ ದಿಕ್ಕಿನ ಕಡೆಗೆ, ಹಳಿಯಿಂದ ಸಾಕಷ್ಟು ದೂರದಲ್ಲಿ ಓಡುತ್ತಾ ಕೆಂಪು ಬಟ್ಟೆ ಬೀಸಿ. ಬಟ್ಟೆ ಇಲ್ಲದಿದ್ದರೆ ಎರಡೂ ಕೈ ತಲೆ ಮೇಲೆ ಎತ್ತಿ ಹಿಡಿಯಿರಿ. ರೈಲ್ವೆ ಭಾಷೆಯಲ್ಲಿ ಅದಕ್ಕೆ ‘ನಿಲ್ಲಿಸು’ ಎಂದೇ ಅರ್ಥ. ರಾತ್ರಿಯಾದರೆ ಟಾರ್ಚ್ ಅಥವಾ ಮೊಬೈಲ್ ದೀಪವನ್ನು ಜೋರಾಗಿ ಬೀಸಿ. ರೈಲು ಹೋಗುವ ದಿಕ್ಕಿಗೆ ಮಾತ್ರ ಓಡಬೇಡಿ. ಡಿಕ್ಕಿಯಾದರೆ ಟ್ರೇಲರ್ ಸಿಡಿದು ಬೀಳುವುದು ಆ ಕಡೆಗೇ.

ಲೋಡಿನ ಎತ್ತರದ ಬಗ್ಗೆಯೂ ಒಂದು ಮಾತು. ಕರೆಂಟಿನ ರೈಲು ಓಡುವ ಕಡೆ ಗೇಟ್‌ನ ಎರಡೂ ಬದಿ ರಸ್ತೆಗೆ ಅಡ್ಡವಾಗಿ ಕಬ್ಬಿಣದ ಕಮಾನು ಇರುತ್ತದೆ. ಅದರ ಎತ್ತರ 4.67 ಮೀಟರ್, ಅಂದರೆ ಸುಮಾರು 15 ಅಡಿ. ಅದಕ್ಕೆ ತಗುಲುವ ಲೋಡನ್ನು ಬಗ್ಗಿಸಿ, ಒತ್ತಿ ದಾಟಿಸಲೇಬಾರದು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ. ಮುಟ್ಟಬೇಕೆಂದೇನಿಲ್ಲ, ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ. ಹುಲ್ಲಿನ ಲೋಡಿನ ಮೇಲೆ, ಗಣಪತಿ ಮೆರವಣಿಗೆಯ ಗಾಡಿ ಮೇಲೆ ಯಾರಾದರೂ ಕೂತಿದ್ದರೆ ಗೇಟ್‌ಗೆ ಮೊದಲೇ ಅವರನ್ನು ಕೆಳಗಿಳಿಸಿ.

ಪ್ರಶ್ನೆ: ನನ್ನ ಮಗ ಕಾಲೇಜಿಗೆ ಬೈಕ್‌ನಲ್ಲಿ ಹೋಗುತ್ತಾನೆ. ಗೇಟ್ ಹಾಕಿದ್ದರೂ ಬೂಮ್ ಕೆಳಗೆ ಬೈಕ್ ಬಾಗಿಸಿ ದಾಟಿಸುತ್ತಾನಂತೆ. ‘ರೈಲು ಎಷ್ಟು ದೂರ ಇದೆ ಅಂತ ನೋಡೇ ಹೋಗ್ತೀನಿ ಅಮ್ಮ’ ಅನ್ನುತ್ತಾನೆ. ಹೇಗೆ ತಿಳಿಹೇಳಲಿ?

ಉತ್ತರ: ಮಗ ಸುಳ್ಳು ಹೇಳುತ್ತಿಲ್ಲ, ಅವನು ನೋಡಿಯೇ ಹೋಗುತ್ತಾನೆ. ಆದರೆ ಇಲ್ಲಿ ಕಣ್ಣೇ ಮೋಸ ಮಾಡುತ್ತದೆ ತಾಯಿ. ನೇರ ನಮ್ಮ ಕಡೆಗೇ ಬರುವ ವಸ್ತುವಿನ ವೇಗ ಅಳೆಯುವುದು ಕಣ್ಣಿಗೆ ಕಷ್ಟ. ವಸ್ತು ದೊಡ್ಡದಾದಷ್ಟೂ ನಿಧಾನ ಬರುತ್ತಿರುವಂತೆ ಕಾಣುತ್ತದೆ. ದೂರದಲ್ಲಿ ದೀಪ ನಿಂತ ಹಾಗೇ ಕಾಣುತ್ತಿರುತ್ತದೆ, ಆಮೇಲೆ ಒಮ್ಮೆಗೇ ಎದುರಿಗೆ ಬಂದಿರುತ್ತದೆ. ವರ್ಷಗಟ್ಟಲೆ ಹಳಿ ಪಕ್ಕ ಕೆಲಸ ಮಾಡಿದವರೂ ಈ ಅಂದಾಜನ್ನು ನಂಬುವುದಿಲ್ಲ.

ಇನ್ನೊಂದು ಅಪಾಯವನ್ನು ಅವನಿಗೆ ಖಂಡಿತ ಹೇಳಿ. ಜೋಡಿ ಹಳಿಯಲ್ಲಿ ಒಂದು ರೈಲು ಹೋದ ಮೇಲೂ ಗೇಟ್ ತೆಗೆಯಲಿಲ್ಲ ಎಂದರೆ, ಎದುರಿನ ದಿಕ್ಕಿನಿಂದ ಇನ್ನೊಂದು ಬರುತ್ತಿರಬಹುದು. ಮೊದಲ ರೈಲಿನ ಡಬ್ಬಿಗಳು ಅದನ್ನು ಮರೆ ಮಾಡಿರುತ್ತವೆ, ಅದರ ಸದ್ದಿನಲ್ಲಿ ಇದರ ಸದ್ದು ಮುಚ್ಚಿಹೋಗುತ್ತದೆ. ರೈಲು ಹೋಯ್ತಲ್ಲ ಎಂದು ಬೈಕ್ ಮುಂದೆ ತಳ್ಳುವವರು ಸಿಕ್ಕಿಬೀಳುವುದು ಈ ಎರಡನೇ ರೈಲಿಗೆ.

ಕಾನೂನೂ ಕಠಿಣವಾಗಿದೆ. 1989ರ ರೈಲ್ವೆ ಕಾಯ್ದೆಯ 160ನೇ ಸೆಕ್ಷನ್ ಪ್ರಕಾರ, ಹಾಕಿದ ಗೇಟ್ ತೆಗೆದರೆ 3 ವರ್ಷದ ತನಕ, ಗೇಟ್ ಮುರಿದರೆ 5 ವರ್ಷದ ತನಕ ಜೈಲು. ಆದರೆ ಮಗನಿಗೆ ಜೈಲಿನ ಹೆದರಿಕೆಗಿಂತ ಎರಡನೇ ರೈಲಿನ ವಿಷಯ ಚೆನ್ನಾಗಿ ನಾಟುತ್ತದೆ ಎಂದು ನನಗೆ ಅನ್ನಿಸುತ್ತದೆ. ಗೇಟ್ ತೆರೆದಿರುವಾಗಲೂ ಹಳಿಯನ್ನು ನೇರವಾಗಿ, ಅಡ್ಡಡ್ಡ ದಾಟಲು ಹೇಳಿ. ಓರೆಯಾಗಿ ಹೋದರೆ ಹಳಿ ಪಕ್ಕದ ಸಂದಿನಲ್ಲಿ ಚಕ್ರ ಸಿಕ್ಕಿ ಬೀಳಬಹುದು. ಮಳೆಯಲ್ಲಿ ಹಳಿ ಬಹಳ ಜಾರುತ್ತದೆ.

ಪ್ರಶ್ನೆ: ಲಾರಿ ಓಡಿಸುತ್ತೇನೆ. ಕಾವಲಿಲ್ಲದ ರೈಲ್ವೆ ಗೇಟ್‌ಗಳೇ ಈಗ ಇಲ್ಲ ಅನ್ನುತ್ತಾರೆ. ಆದರೆ ನಾನು ಸರಕು ಇಳಿಸುವ ಕಾರ್ಖಾನೆಯ ಹಾದಿಯಲ್ಲಿ ಹಳಿ ಇದೆ, ಗೇಟ್ ಇಲ್ಲ.

ಉತ್ತರ: ಇಬ್ಬರು ಹೇಳುವುದೂ ಸರಿ. ಉತ್ತರ ಪ್ರದೇಶದ ಕುಶಿನಗರದಲ್ಲಿ 2018ರ ಏಪ್ರಿಲ್ 26ರಂದು ಕಾವಲಿಲ್ಲದ ಕಡೆ ಶಾಲಾ ವ್ಯಾನ್‌ಗೆ ರೈಲು ಬಡಿದು 13 ಮಕ್ಕಳು ತೀರಿಕೊಂಡರು. ಅದಾದ ಮೇಲೆ ಕೆಲಸ ಚುರುಕಾಗಿ, 2019ರ ಜನವರಿ ಕೊನೆಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟ್‌ಗಳನ್ನು ತೆಗೆದುಹಾಕಲಾಯಿತು. ಕಾರ್ಖಾನೆಗೆ ಹೋಗುವ ಹಳಿಗಳ ಕತೆ ಬೇರೆ.

ಅಂಥ ಕಡೆ ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ನೆನಪಿಡಿ. ಗಾಡಿ ನಿಲ್ಲಿಸಬೇಕು. ಕ್ಲೀನರ್ ಇಳಿದು ಹಳಿ ತನಕ ನಡೆದು, ಎರಡೂ ಕಡೆ ನೋಡಿ, ಗಾಡಿಯನ್ನು ದಾಟಿಸಬೇಕು. ಕ್ಲೀನರ್ ಇಲ್ಲದಿದ್ದರೆ ನೀವೇ ಇಳಿದು ನೋಡಬೇಕು. ಇದು ಸುಮ್ನೆ ಬರೆದಿಟ್ಟ ನಿಯಮ ಅಲ್ಲ. ಕಾರ್ಖಾನೆ ಹಳಿಗಳಲ್ಲಿ ಎಷ್ಟೋ ಸಲ ಎಂಜಿನ್ ಹಿಂದಿನಿಂದ ವ್ಯಾಗನ್‌ಗಳನ್ನು ತಳ್ಳುತ್ತಿರುತ್ತದೆ. ಆಗ ನಿಮ್ಮ ಕಡೆಗೆ ಬರುವ ಮೊದಲ ವ್ಯಾಗನ್‌ಗೆ ದೀಪವೂ ಇಲ್ಲ, ಹತ್ತಿರದಲ್ಲಿ ಎಂಜಿನ್ ಸದ್ದೂ ಇಲ್ಲ. ರಾತ್ರಿ ಕ್ಯಾಬಿನ್‌ನಲ್ಲಿ ಕೂತು ನೋಡಿದರೆ ಅದು ಕಾಣುವುದೇ ಇಲ್ಲ.

ಪ್ರಶ್ನೆ: ನಮ್ಮೂರಿನ ಗೇಟ್ ಮುಚ್ಚಿ ಅಂಡರ್‌ಪಾಸ್ ಮಾಡಿದರು. ಮಳೆ ಬಂದರೆ ಅದರಲ್ಲಿ ನೀರು. ಇದಕ್ಕಿಂತ ಗೇಟೇ ಚೆನ್ನಾಗಿತ್ತು ಅನ್ನಿಸುತ್ತದೆ.

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ರೈಲು ಬಡಿಯುವ ಅಪಾಯ ಹೋಯಿತು, ನೀರಿನ ಅಪಾಯ ಬಂತು. ಹರಿಯಾಣದ ಫರೀದಾಬಾದ್‌ನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ರೈಲ್ವೆ ಅಂಡರ್‌ಪಾಸ್‌ನ ನೀರಿಗೆ ಕಾರು ಇಳಿಸಿದ ಇಬ್ಬರು ಬ್ಯಾಂಕ್ ನೌಕರರು ಉಸಿರುಕಟ್ಟಿ ತೀರಿಕೊಂಡರು. ಅವರದು ದೊಡ್ಡ ಎಸ್‌ಯುವಿ. ಅಂಡರ್‌ಪಾಸ್‌ನ ನಡುಭಾಗವೇ ಎಲ್ಲಕ್ಕಿಂತ ಆಳ. ಅಂಚಿನಲ್ಲಿ ಪಾದ ಮುಳುಗುವಷ್ಟು ನೀರಿದ್ದರೆ ನಡುವೆ ಆಳುದ್ದ ಇರಬಹುದು.

ಹಾಗಾಗಿ ನೆಲ ಕಾಣದ ನೀರಿಗೆ ಗಾಡಿ ಇಳಿಸಬೇಡಿ, ಮುಂದಿನವರು ದಾಟಿದ್ದರೂ ಸರಿ. ಇಳಿಸಿ ಎಂಜಿನ್ ಆಫ್ ಆಯಿತು ಎಂದರೆ ಮತ್ತೆ ಸ್ಟಾರ್ಟ್ ಮಾಡುತ್ತಾ ಕೂರಬೇಡಿ. ಪವರ್ ವಿಂಡೊ ಕೆಲಸ ಮಾಡುತ್ತಿರುವಾಗಲೇ ಗಾಜು ಇಳಿಸಿ ಹೊರಗೆ ಬನ್ನಿ. ನೀರು ಬಾಗಿಲನ್ನು ಒತ್ತಿ ಹಿಡಿದ ಮೇಲೆ ಅದನ್ನು ತೆಗೆಯಲು ಆಗುವುದಿಲ್ಲ.

ಗೇಟ್ ವಾಪಸ್ ಬರುವುದಿಲ್ಲ, ಆದರೆ ನೀರು ನಿಲ್ಲದಂತೆ ಮಾಡಿಸಬಹುದು. ಪಕ್ಕದ ಚರಂಡಿ ಕಟ್ಟಿಕೊಂಡಿದೆಯೇ, ಪಂಪ್ ಇದೆಯೇ, ಇದ್ದರೆ ಓಡುತ್ತಿದೆಯೇ, ಎಷ್ಟು ಆಳ ಎಂದು ತೋರಿಸುವ ಗುರುತು ಗೋಡೆ ಮೇಲೆ ಇದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿ. ಫೋಟೊ ಸಮೇತ ಪಂಚಾಯಿತಿಯ ಮೂಲಕ ರೈಲ್ವೆಯ ವಿಭಾಗೀಯ ಕಚೇರಿಗೆ ಬರೆಯಿರಿ. ರೈಲ್ವೆ ಸಹಾಯವಾಣಿ 139ಕ್ಕೂ ಹೇಳಬಹುದು. ಪತ್ರದಲ್ಲಿ ಹತ್ತಿರದ ಕಂಬದ ಮೇಲೆ ಬರೆದಿರುವ ಕಿಲೋಮೀಟರ್ ನಂಬರ್ ತಪ್ಪದೆ ಹಾಕಿ. ಆ ನಂಬರ್ ಇದ್ದರೆ ಇದು ನಮ್ಮ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಎಂದು ಯಾರೂ ಕಡತ ಪಕ್ಕಕ್ಕೆ ಸರಿಸಲು ಆಗುವುದಿಲ್ಲ.