ಯೋಗ್ಯನಾದ ಮೇಲೆ ದೇವರ ಬಳಿ ಹೋಗಲೇ?

ಪ್ರಶ್ನೆ: ಸಭೆಯಲ್ಲಿ ಯುವಜನರಿಗೆ ಸತ್ಯವೇದ ಪಾಠ ಹೇಳುತ್ತಿದ್ದೆ. ಅವರ ನಿಧಿಯ ಲೆಕ್ಕವೂ ನನ್ನ ಕೈಯಲ್ಲೇ ಇತ್ತು. ಸಾಲ ಕೊಟ್ಟವರ ಕಾಟ ತಾಳಲಾರದೆ ಆ ಹಣವನ್ನು ಸ್ವಂತಕ್ಕೆ ಬಳಸಿಕೊಂಡು ಸುಳ್ಳು ಲೆಕ್ಕ ತೋರಿಸಿದೆ. ಯಾರಿಗೂ ಗೊತ್ತಾಗಿಲ್ಲ. ಏನೋ ನೆಪ ಹೇಳಿ ಪಾಠ ಬಿಟ್ಟೆ. ದೇವರ ಮುಂದೆ ಅತ್ತು ಕ್ಷಮೆ ಕೇಳಿದ್ದೇನೆ. ಆದರೂ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹೊತ್ತಿಗೆ ಎದ್ದು ಹೊರಗೆ ಹೋಗಿಬಿಡುತ್ತೇನೆ. ಹಣವನ್ನೆಲ್ಲ ತುಂಬಿಕೊಟ್ಟು, ಸರಿಯಾಗಿ ಬದುಕಿ, ಆಮೇಲೆ ದೇವರ ಹತ್ತಿರ ಹೋಗೋಣ ಅಂದುಕೊಂಡರೆ ಆ ದಿನ ಬರುತ್ತಲೇ ಇಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ಓದಿದ ಮೇಲಂತೂ ನನಗೆ ಬಾಗಿಲು ಮುಚ್ಚಿದೆ ಎಂದೇ ಅನ್ನಿಸಿದೆ.

ಉತ್ತರ: ಮುಚ್ಚಿಲ್ಲ. ಮೊದಲು ಆ ಅಧ್ಯಾಯದ ಭಯವನ್ನು ನೋಡೋಣ. ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆನ್ನುವ 4ರಿಂದ 6ರ ವರೆಗಿನ ವಚನಗಳ ಅರ್ಥದ ಬಗ್ಗೆ ಸಭೆಗಳ ನಡುವೆ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಆದರೆ ಅಲ್ಲಿರುವ ಎಚ್ಚರಿಕೆ ಕ್ರಿಸ್ತನನ್ನೇ ಬೇಡವೆಂದು ತಳ್ಳಿ ನಡೆದವರ ಬಗ್ಗೆ. ಅಂಥವನು ಪತ್ರ ಬರೆದು ‘ನನಗೆ ಬಾಗಿಲು ತೆರೆದಿದೆಯೇ’ ಎಂದು ಕೇಳುವುದಿಲ್ಲ. ಅದೇ ಪತ್ರಿಕೆಯ 4ನೇ ಅಧ್ಯಾಯದ 16ನೇ ವಚನ, ಕರುಣೆ ಬೇಕಾದವರು ಧೈರ್ಯದಿಂದ ಕೃಪಾಸನದ ಹತ್ತಿರ ಬರಲಿ ಎನ್ನುತ್ತದೆ. ಹೆದರಿದವರು 6ನೇ ಅಧ್ಯಾಯವನ್ನು ಬಾಯಿಪಾಠ ಮಾಡುತ್ತಾರೆ, 4ನೆಯದನ್ನು ಮರೆಯುತ್ತಾರೆ. ಇದನ್ನು ಬಹಳ ಸಲ ಕಂಡಿದ್ದೇನೆ.

ನಿಮ್ಮ ಪ್ರಶ್ನೆ ಹೊಸದೂ ಅಲ್ಲ. ಕ್ರಿ.ಶ. 250ರಲ್ಲಿ ರೋಮ್‌ ಚಕ್ರವರ್ತಿ ಡೆಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಎಷ್ಟೋ ಕ್ರೈಸ್ತರು ಪ್ರಾಣಭಯದಿಂದ ಬಲಿ ಕೊಟ್ಟರು. ಕೆಲವರು ದುಡ್ಡು ಕೊಟ್ಟು ಸುಳ್ಳು ಪ್ರಮಾಣಪತ್ರ ಕೊಂಡರು. ಹಿಂಸೆ ತಣ್ಣಗಾದ ಮೇಲೆ ಅವರು ಅಳುತ್ತಾ ಸಭೆಗೆ ಮರಳಿದಾಗ ದೊಡ್ಡ ಜಗಳವೇ ಆಯಿತು. ಇವರನ್ನು ಸಭೆ ಮತ್ತೆ ಸೇರಿಸಿಕೊಳ್ಳಕೂಡದು ಎಂದು ರೋಮಿನ ಪಾದ್ರಿ ನೊವೇಶಿಯನ್ ಪಟ್ಟು ಹಿಡಿದ. ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಅವರೊಡನೆ 251ರಲ್ಲಿ ಸೇರಿದ ಬಿಷಪರು, ಪಶ್ಚಾತ್ತಾಪಪಟ್ಟವರಿಗೆ ದಾರಿ ಇರಬೇಕು, ಒಬ್ಬೊಬ್ಬರ ಸಂಗತಿಯನ್ನೂ ವಿಚಾರಿಸಿ ತೀರ್ಮಾನಿಸಬೇಕು ಎಂದರು. ಸಭೆ ಉಳಿಸಿಕೊಂಡದ್ದು ಈ ದಾರಿಯನ್ನೇ. 325ರ ನೈಸಿಯಾ ಸಮ್ಮೇಳನ ನೊವೇಶಿಯನ್ ಪಂಗಡದವರನ್ನೂ ವಾಪಸು ಕರೆಯಿತು. ಬಿದ್ದೆದ್ದು ಬಂದವರೊಡನೆ ಅನ್ಯೋನ್ಯತೆಯಲ್ಲಿರುತ್ತೇವೆಂದು ಬರೆದುಕೊಡಬೇಕು ಎಂಬುದು ಅವರಿಗೆ ಹಾಕಿದ ಷರತ್ತುಗಳಲ್ಲೊಂದು.

ಇನ್ನು ನಿಮ್ಮ ನಿಜವಾದ ತೊಡಕಿಗೆ ಬರುತ್ತೇನೆ. ನೀವು ಕ್ರಮವನ್ನು ತಿರುವುಮುರುವು ಮಾಡಿಕೊಂಡಿದ್ದೀರಿ. ಮೊದಲು ತೀರಿಸುವುದು, ಆಮೇಲೆ ಬರುವುದು ಎಂಬುದು ನಿಮ್ಮ ಲೆಕ್ಕ. ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯನನ್ನು ನೋಡಿ. ಯೆರಿಕೋವಿನ ಸುಂಕದವರ ಮುಖ್ಯಸ್ಥ, ಜನರನ್ನು ಸುಲಿದು ಶ್ರೀಮಂತನಾದವನು. ಈ ಹೊತ್ತು ನಿನ್ನ ಮನೆಯಲ್ಲೇ ಇಳುಕೊಳ್ಳಬೇಕು ಎಂದು ಯೇಸು ಹೇಳಿದ್ದು, ತನ್ನನ್ನು ನೋಡಲು ಮರ ಹತ್ತಿದ್ದ ಅವನು ಇನ್ನೂ ಮರದ ಮೇಲಿದ್ದಾಗ. ಅಷ್ಟು ಹೊತ್ತಿಗೆ ಅವನು ಒಂದು ಕಾಸನ್ನೂ ಹಿಂದಿರುಗಿಸಿರಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂಬ ಮಾತು ಬಂದದ್ದು ಆಮೇಲೆ. ತಾನಾಗಿ ತಪ್ಪೊಪ್ಪಿಕೊಂಡವನು ಮೂಲಹಣದ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಸತ್ಯವೇದದ ಅರಣ್ಯಕಾಂಡದ 5ನೇ ಅಧ್ಯಾಯ ಹೇಳುತ್ತದೆ. ಜಕ್ಕಾಯ ಅದರ ಲೆಕ್ಕ ಹಿಡಿದು ಕೂರಲಿಲ್ಲ. ಕೃಪೆ ಸಿಕ್ಕಿದ್ದರಿಂದಲೇ ಅವನ ಕೈ ಬಿಚ್ಚಿತು.

ಹಣ ವಾಪಸು ಕೊಟ್ಟಮಾತ್ರಕ್ಕೆ ಎದೆ ಹಗುರಾಗುತ್ತದೆಂದೂ ಭಾವಿಸಬೇಡಿ. ಯೇಸುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನು ಅದಕ್ಕೆ ಪಡೆದ ಮೂವತ್ತು ಬೆಳ್ಳಿ ನಾಣ್ಯಗಳನ್ನೂ ಹಿಂದಕ್ಕೆ ತಂದುಕೊಟ್ಟ. ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿಯೂ ಹೇಳಿದ. ಆದರೆ ಹೇಳಿದ್ದು ಮಹಾಯಾಜಕರಿಗೆ. ಅದು ನಮಗೇನು, ನೀನೇ ನೋಡಿಕೋ ಎಂದರು ಅವರು. ಪೇತ್ರನಿಗೆ ಹಿಂದಿರುಗಿಸಲು ಏನೂ ಇರಲಿಲ್ಲ. ಯೇಸುವನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದ ಮಾತನ್ನು ವಾಪಸು ತೆಗೆದುಕೊಳ್ಳುವುದಾದರೂ ಹೇಗೆ? ಆದರೆ ಅವನು ಬೀಳುವ ಮುಂಚೆಯೇ ಯೇಸು ಅವನ ನಂಬಿಕೆ ಕುಂದದಂತೆ ಬೇಡಿಕೊಂಡಿದ್ದ. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂದು ಕೆಲಸವನ್ನೂ ಒಪ್ಪಿಸಿದ್ದ (ಲೂಕ 22). ನಿಮ್ಮ ಅಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದನ್ನು ಸಾಲದ ಕಂತಿನಂತೆ ಕಟ್ಟುತ್ತಾ ಹೋಗಬೇಡಿ, ಅಷ್ಟೇ.

ಹಾಗಾದರೆ ಹಣದ ಗತಿ? ಅದನ್ನು ಕೊಡಲೇಬೇಕು, ಸುಳ್ಳು ಲೆಕ್ಕವನ್ನು ಬಯಲು ಮಾಡಲೇಬೇಕು. ಇದರಲ್ಲಿ ನಾನು ಮೃದುವಾಗಿ ಮಾತಾಡಲಾರೆ. ದೇವರಿಗೆ ಹೇಳಿದ್ದೇನಲ್ಲ ಎಂದು ಸಭೆಯಿಂದ ಮುಚ್ಚಿಟ್ಟರೆ ಮೋಸಹೋದ ಯುವಜನರಿಗೆ ನ್ಯಾಯವಾಗುವುದಿಲ್ಲ. ಸಭಾಪಾಲಕರನ್ನು ಒಬ್ಬರನ್ನೇ ಕಂಡು, ನಿಜವಾದ ಲೆಕ್ಕವನ್ನು ಬರೆದುಕೊಂಡು ಹೋಗಿ ಕೊಡಿ. ಒಟ್ಟಿಗೆ ಕೊಡಲಾಗದಿದ್ದರೆ ತಿಂಗಳಿಗೆ ಎಷ್ಟು ಸಾಧ್ಯವೆಂದು ಹೇಳಿ. ಅವರು ಹಿರಿಯರಿಗೆ ತಿಳಿಸಬೇಕಾಗಬಹುದು. ಪಾಠ ಹೇಳುವ ಜವಾಬ್ದಾರಿ ಬಹುಕಾಲ, ಬಹುಶಃ ಎಂದೆಂದಿಗೂ, ಮರಳಿ ಸಿಗದಿರಬಹುದು. ಅದನ್ನು ದೇವರು ಕ್ಷಮಿಸಿಲ್ಲವೆಂಬ ಗುರುತಾಗಿ ಓದಬೇಡಿ. ಕರ್ತನು ನಿನ್ನ ಪಾಪವನ್ನು ಕ್ಷಮಿಸಿದ್ದಾನೆ ಎಂದು ಅರಸ ದಾವೀದನಿಗೆ ಹೇಳಿದ ಪ್ರವಾದಿ ನಾತಾನನೇ ಆ ಪಾಪದ ಫಲ ಅವನ ಮನೆಯಲ್ಲಿ ಉಳಿಯುತ್ತದೆಂದೂ ಹೇಳಿದ. ಎರಡೂ ಒಂದೇ ಭೇಟಿಯಲ್ಲಿ ಆಡಿದ ಮಾತು.

ಕರ್ತನ ಭೋಜನದ ವಿಷಯ. ಪೌಲನು ಕೊರಿಂಥದವರಿಗೆ ಹೇಳಿದ್ದು, ತನ್ನನ್ನು ಪರೀಕ್ಷಿಸಿಕೊಂಡು ಹಾಗೆ ರೊಟ್ಟಿಯನ್ನು ತಿನ್ನಲಿ ಎಂದು. ಪರೀಕ್ಷಿಸಿಕೊಂಡು ಎದ್ದು ಹೋಗಲಿ ಎಂದಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಸಹೋದರನೊಡನೆ ಸಮಾಧಾನ ಮಾಡಿಕೋ ಎಂಬ ಯೇಸುವಿನ ಮಾತು (ಮತ್ತಾಯ 5) ನಿಮಗೆ ನೆನಪಾಗಬಹುದು. ಅಲ್ಲಿಯೂ ‘ಹೋಗು’ ಎಂಬುದರ ಬೆನ್ನಿಗೇ ‘ಬಂದು ಅರ್ಪಿಸು’ ಎಂದಿದೆ. ನೀವು ಕಥೋಲಿಕರಾದರೆ ಮೊದಲು ಗುರುಗಳ ಬಳಿ ಪಾಪನಿವೇದನೆ ಮಾಡಿ, ಆಮೇಲೆ ಪರಮಪ್ರಸಾದ ಸ್ವೀಕರಿಸಿ. ಬೇರೆ ಸಭೆಯವರಾದರೆ ಸ್ವಲ್ಪ ಕಾಲ ಕಾಯಲು ಪಾಲಕರು ಹೇಳಿದರೂ ಹೇಳಬಹುದು. ಅದನ್ನು ಒಪ್ಪಿಕೊಳ್ಳಿ. ನಿಮಗೆ ನೀವೇ ವಿಧಿಸಿಕೊಂಡ ಬಹಿಷ್ಕಾರವನ್ನು ಮಾತ್ರ ಇವತ್ತೇ ನಿಲ್ಲಿಸಿ.

ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕುವುದೇ ಬೇಡ ಅನ್ನಿಸುತ್ತಿದ್ದರೆ, ತಡಮಾಡದೆ ವೈದ್ಯರನ್ನು ಕಾಣಿ. ಪ್ರಾರ್ಥಿಸಿದರೆ ಔಷಧ ಬೇಡ ಎನ್ನುವವರ ಮಾತು ಕೇಳಬೇಡಿ.

ಪ್ರಶ್ನೆ: ಪ್ರತಿ ಸಲ ಕ್ಷಮೆ ಕೇಳಿದ ಮೇಲೂ ಅದೇ ಪಾಪಕ್ಕೆ ಮತ್ತೆ ಬೀಳುತ್ತೇನೆ. ಕೃಪೆಗೂ ಒಂದು ಮಿತಿ ಇರಬೇಕಲ್ಲವೇ?

ಉತ್ತರ: ದಿನಕ್ಕೆ ಏಳು ಸಲ ತಪ್ಪು ಮಾಡಿ ಏಳು ಸಲವೂ ತಿರುಗಿ ಬಂದವನನ್ನು ಕ್ಷಮಿಸಬೇಕೆಂದು ಶಿಷ್ಯರಿಗೆ ಹೇಳಿದವನು (ಲೂಕ 17) ತಾನು ಅದಕ್ಕಿಂತ ಜಿಪುಣನಾಗಿರಲಾರ. ಪುನಃಸ್ಥಾಪನೆಯಾದ ಪೇತ್ರನೂ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಮತ್ತೆ ಎಡವಿದ. ಪೌಲ ಎಲ್ಲರೆದುರಿಗೇ ಅವನನ್ನು ತಡೆದು ಕೇಳಿದ್ದು ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿದೆ. ಆದರೆ ಪೇತ್ರನನ್ನು ತಡೆದು ಕೇಳುವವನೊಬ್ಬನಿದ್ದ. ನಿಮಗೆ ಯಾರಿದ್ದಾರೆ? ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿರಿ ಎಂದು ಯಾಕೋಬನು 5ನೇ ಅಧ್ಯಾಯದಲ್ಲಿ ಬರೆದದ್ದನ್ನು ನಾವು ಹೆಚ್ಚಾಗಿ ಓದಿ ದಾಟಿಬಿಡುತ್ತೇವೆ. ಬಾಯಿಬಿಗಿಯುಳ್ಳ, ನಿಮ್ಮ ಮುಲಾಜಿಗೆ ಬೀಳದ ಒಬ್ಬ ವಿಶ್ವಾಸಿಯನ್ನು ಆರಿಸಿಕೊಳ್ಳಿ. ಯಾವ ಹೊತ್ತಿನಲ್ಲಿ, ಯಾವ ಸಂದರ್ಭದಲ್ಲಿ ಬೀಳುತ್ತೀರೆಂದು ಅವರಿಗೆ ಬಿಡಿಸಿ ಹೇಳಿ. ವಾರಕ್ಕೊಮ್ಮೆ ಅವರೇ ನಿಮ್ಮನ್ನು ವಿಚಾರಿಸಲಿ.